ಹಳೆ ಹಾಯಿದೋಣಿಯ ಕಿಟಕಿ ಸೋರ್ತಾ ಇದೆ, ಮೂರು ಸಲ ಸಿಲಿಕಾನ್ ಬಳಿದರೂ ನಿಂತಿಲ್ಲ

ಹಿಡಕಲ್_ಹಾಯಿ
ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳ್ತೀನಿ, ನಗಬೇಡಿ. ನನ್ನ ಹತ್ತಿರ ಒಂದು ಹಾಯಿದೋಣಿ ಇದೆ. ನಾನಿರುವುದು ಬೆಳಗಾವಿಯಲ್ಲಿ.

22 ಅಡಿ ಉದ್ದ, ಫೈಬರ್‌ಗ್ಲಾಸ್, ಒಳಗೆ ಇಬ್ಬರು ಮಲಗುವಷ್ಟು ಸಣ್ಣ ಕ್ಯಾಬಿನ್. ವಯಸ್ಸು ಮೂವತ್ತು ದಾಟಿದೆ. ಗೋವಾದಲ್ಲಿ ಒಬ್ಬರು ತೆಂಗಿನ ಮರದ ಕೆಳಗೆ ನಿಲ್ಲಿಸಿ ಮರೆತೇಬಿಟ್ಟಿದ್ದರು. ಹೋದ ಮಾರ್ಚಿನಲ್ಲಿ ಟ್ರೇಲರ್ ಸಮೇತ ಕೊಂಡು ಚೋರ್ಲಾ ಘಾಟ್ ಹತ್ತಿಸಿ ತಂದೆ. ಈಗ ಉದ್ಯಮಬಾಗದಲ್ಲಿ ಗೆಳೆಯನ ಶೆಡ್ ಪಕ್ಕ ಬಯಲಲ್ಲಿ ನಿಂತಿದೆ. ದಸರಾ ಮುಗಿದ ಮೇಲೆ ಹಿಡಕಲ್ ಅಣೆಕಟ್ಟಿನ ಹಿನ್ನೀರಿಗೆ ಇಳಿಸುವ ಆಸೆ.

ತೊಂದರೆ ಕಿಟಕಿಯದು. ಎಡಕ್ಕೆ ಎರಡು, ಬಲಕ್ಕೆ ಎರಡು. ಚೌಕಟ್ಟು ಇಲ್ಲ. 6 ಮಿಮೀ ಆಕ್ರಿಲಿಕ್ ಶೀಟನ್ನು ಹೊರಗಿನಿಂದ ಇಟ್ಟು ಸುತ್ತ ಬೋಲ್ಟ್ ಬಿಗಿದಿದ್ದಾರೆ. ಜೂನ್ ಮಳೆ ಶುರುವಾದ ಮೂರನೇ ದಿನಕ್ಕೆ ಎಡಗಡೆ ಮುಂದಿನ ಕಿಟಕಿ ಕೆಳಗಿನ ಗಾದಿ ಪೂರ್ತಿ ಒದ್ದೆ. ಹಾರ್ಡ್‌ವೇರ್ ಅಂಗಡಿಯಿಂದ ಸಿಲಿಕಾನ್ ತಂದು ಅಂಚಿಗೆಲ್ಲ ಬಳಿದೆ. ಒಂದು ವಾರ ನಿಂತಿತು. ಮತ್ತೆ ಸೋರಿತು. ಅದರ ಮೇಲೆ ಇನ್ನೊಂದು ಸಲ ಬಳಿದೆ. ಆಮೇಲೆ ಮೂರನೇ ಸಲ. ಈಗ ಕಿಟಕಿ ನೋಡಿದರೆ ಮಕ್ಕಳು ಕೇಕ್ ಮೇಲೆ ಕ್ರೀಮ್ ಹಚ್ಚಿದ ಹಾಗಿದೆ, ನೀರು ಮಾತ್ರ ಬರ್ತಾನೇ ಇದೆ.

ಮನೆಯವಳ ಮಾತು ಬೇರೆ: "ಟೆರೇಸ್ ಎರಡು ವರ್ಷದಿಂದ ಸೋರ್ತಾ ಇದೆ, ಅದಕ್ಕೆ ಟೈಮಿಲ್ಲ, ದೋಣಿಗೆ ಟೈಮಿದೆ."

ಏನು ಮಾಡಲಿ? ದೋಣಿಯ ಕೆಲಸ ಗೊತ್ತಿರುವವರು ಈ ಕಡೆ ಯಾರಾದರೂ ಇದ್ದೀರಾ?

ಕುಂದಾ_ಪ್ರೇಮಿ
ಬೆಳಗಾವಿಗೆ ಸಮುದ್ರ ಯಾವಾಗ ಬಂತು ಸಾಹೇಬ್ರೇ? ನನಗೆ ಯಾರೂ ಹೇಳಲೇ ಇಲ್ಲ 😄

ಬಿಸಿಲೂರು_ವಿಜಯಪುರ
ನಿಮ್ಮದು ಸುಖದ ಸಮಸ್ಯೆ ಬಿಡಿ. ನಮ್ಮಲ್ಲಿ ಕಿಟಕಿ ಸೋರಬೇಕು ಅಂದರೂ ಮೊದಲು ಮಳೆ ಬರಬೇಕಲ್ಲ.

ಲೇಥ್_ಮಾಮಾ
ಉದ್ಯಮಬಾಗದಲ್ಲೇ ಇದ್ದೀನಿ. ಹೋದ ವಾರ ಚಹಾಕ್ಕೆ ಹೋಗುವಾಗ ನೀಲಿ ತಾಡಪತ್ರಿ ಹೊದ್ದುಕೊಂಡ ಒಂದು ದೋಣಿ ನೋಡಿದೆ. ನಿಮ್ಮದೇ ಇರಬೇಕು. ಗಣಪತಿ ಮೆರವಣಿಗೆಗೆ ಮಾಡಿದ್ದು ಅಂದುಕೊಂಡಿದ್ದೆ.

ಒಂದೇ ಪ್ರಶ್ನೆ. ಆ ಸಿಲಿಕಾನ್ ಹಚ್ಚುವಾಗ ಮೂಗಿಗೆ ವಿನೆಗರ್ ವಾಸನೆ ಬಡೀತಾ?

ಹಿಡಕಲ್_ಹಾಯಿ
ಹೌದು ಮಾಮಾ, ಕಣ್ಣಲ್ಲಿ ನೀರು ಬರುವಷ್ಟು. ದೋಣಿಯೂ ನನ್ನದೇ.

ಲೇಥ್_ಮಾಮಾ
ಹಾಗಾದರೆ ಅದು ಆಸಿಡ್ ಬಿಡುತ್ತಾ ಒಣಗುವ ಜಾತಿ. ಮೀನಿನ ತೊಟ್ಟಿಗೆ, ಬಚ್ಚಲ ಟೈಲ್ಸಿಗೆ ಸರಿ. ಗಾಜಿಗೆ ಚೆನ್ನಾಗಿ ಅಂಟುತ್ತದೆ. ಬಿಸಿಲಲ್ಲಿ ಹಿಗ್ಗಿ ಕುಗ್ಗುವ ಪ್ಲಾಸ್ಟಿಕ್ಕಿಗೆ ಆಗುವುದಿಲ್ಲ. ನಿಮಗೆ ಬೇಕಾದ್ದು ನ್ಯೂಟ್ರಲ್ ಜಾತಿ, ಅಂದರೆ ಆಸಿಡ್ ಬಿಡದೆ ಒಣಗುವುದು. ಅದಕ್ಕಿಂತ ಮುಖ್ಯವಾದ ಮಾತು: ಹಳೆ ಸಿಲಿಕಾನ್ ಮೇಲೆ ಏನು ಹಚ್ಚಿದರೂ ನಿಲ್ಲುವುದಿಲ್ಲ. ಹೊಸ ಸಿಲಿಕಾನ್ ಕೂಡ ಭದ್ರವಾಗಿ ಹಿಡಿಯುವುದಿಲ್ಲ. ನೀವು ಮೂರು ಸಲ ಹಚ್ಚಿದ್ದು ಒಂದರ ಮೇಲೊಂದು ಹಾಸಿದ ಚಾಪೆ ಅಷ್ಟೇ, ಅಂಟು ಅಲ್ಲ.

ಕಾರವಾರ_ಕಡಲು
ಊರು ಕಾರವಾರ, ಕೆಲಸಕ್ಕೆ ಬೆಳಗಾವಿಗೆ ಬಂದು ಒಂಬತ್ತು ವರ್ಷ. ಅಣ್ಣನ ಜೊತೆ ದೋಣಿ ರಿಪೇರಿ ಮಾಡಿದ ಕೈ ಇದು. ಮಾಮಾ ಹೇಳಿದ್ದು ಸರಿ. ಆದರೆ ತಪ್ಪು ಬರೀ ಅಂಟಿನದಲ್ಲ, ಕೂರಿಸಿದ ರೀತಿಯದೂ ಇರಬೇಕು.

ಲೆಕ್ಕ ನೋಡಿ. ಒಂದು ಮೀಟರ್ ಆಕ್ರಿಲಿಕ್ ಪ್ರತಿ ಡಿಗ್ರಿ ಶಾಖಕ್ಕೆ ಸುಮಾರು 0.07 ಮಿಮೀ ಹಿಗ್ಗುತ್ತದೆ. ನಿಮ್ಮ ಕಿಟಕಿ 60 ಸೆಂಮೀ ಉದ್ದ ಅಂತಿಟ್ಟುಕೊಳ್ಳಿ. ಡಿಸೆಂಬರ್ ಬೆಳಿಗ್ಗೆ 15 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ಕಾದ ಕಪ್ಪು ಶೀಟ್ 60 ಡಿಗ್ರಿ ಮುಟ್ಟಬಹುದು. ಹತ್ತಿರ ಹತ್ತಿರ 2 ಮಿಮೀ ವ್ಯತ್ಯಾಸ ಬಂತು. ಕೆಳಗಿರುವ ಫೈಬರ್‌ಗ್ಲಾಸ್ ಅದರ ಅರ್ಧವೂ ಹಿಗ್ಗುವುದಿಲ್ಲ. ಹಾಗಾಗಿ ಶೀಟ್ ದಿನಾ ಹಿಂದೆ ಮುಂದೆ ಸರಿಯುತ್ತದೆ. 5 ಮಿಮೀ ಬೋಲ್ಟಿಗೆ 5 ಮಿಮೀ ತೂತು ಕೊರೆದಿದ್ದರೆ ಎರಡೇ ದಾರಿ. ಶೀಟ್ ತೂತಿನ ಹತ್ತಿರ ಬಿರುಕು ಬಿಡುತ್ತದೆ, ಇಲ್ಲ ಅಂಟು ಹರಿದುಕೊಳ್ಳುತ್ತದೆ. ತೂತು 7 ಅಥವಾ 8 ಮಿಮೀ ಇರಬೇಕು. ಬೋಲ್ಟಿನ ತಲೆ ಚಪ್ಪಟೆಯಾಗಿ ಮೇಲೆ ಕೂರಬೇಕು, ಕೆಳಗೆ ಅಗಲ ವಾಷರ್. ತಲೆ ಶೀಟಿನೊಳಗೆ ಇಳಿಯುವ ಸ್ಕ್ರೂ ಬಳಸಲೇಬೇಡಿ, ಅದು ಬೆಣೆ ಹೊಡೆದ ಹಾಗೆ.

ಇನ್ನೊಂದು ತಪ್ಪನ್ನು ಎಲ್ಲರೂ ಮಾಡುತ್ತಾರೆ. ಬೋಲ್ಟನ್ನು ಎಷ್ಟು ಬಿಗಿ ಮಾಡುತ್ತಾರೆ ಅಂದರೆ ಅಂಟೆಲ್ಲ ಹೊರಗೆ ಬಂದು ಒಳಗೆ ಕಾಗದದಷ್ಟು ಉಳಿಯುತ್ತದೆ. ಎಳೆದರೆ ಹಿಗ್ಗಲು ಅಂಟಿಗೆ ದಪ್ಪ ಬೇಕು. 3 ಮಿಮೀ ಆದರೂ ಇರಲಿ. ನಡುನಡುವೆ 3 ಮಿಮೀ ರಬ್ಬರ್ ತುಂಡು ಇಟ್ಟು ಕೂರಿಸಿದರೆ ತಾನಾಗೇ ದಪ್ಪ ನಿಲ್ಲುತ್ತದೆ.

ನಾಲ್ಕೂ ಕಿಟಕಿ ಬಿಚ್ಚಿ. ಮೇಲಿಂದ ಮೇಲೆ ಬಳಿಯುವುದನ್ನು ಇವತ್ತೇ ನಿಲ್ಲಿಸಿ.

ಗುತ್ತಿಗೆ_ಗೌಡ
ಇಷ್ಟೆಲ್ಲ ಯಾಕ್ರೀ? ನೀರಿನ ಟ್ಯಾಂಕಿನ ಜಾಯಿಂಟಿಗೆ ನಾವು ಪಾಲಿಸಲ್ಫೈಡ್ ಅನ್ನೋ ರಬ್ಬರ್ ಥರದ ಅಂಟು ಹಾಕ್ತೀವಿ. ಹತ್ತು ವರ್ಷ ನೀರಲ್ಲೇ ಇರುತ್ತೆ, ಒಂದು ಹನಿ ಸೋರಲ್ಲ. ಸೈಟಲ್ಲಿ ಅರ್ಧ ಡಬ್ಬಿ ಉಳಿದಿದೆ, ಬಂದು ತಗೊಂಡು ಹೋಗಿ. ಫುಕಟ್.

ಕಾರವಾರ_ಕಡಲು
ಗೌಡ್ರೇ, ಕಾಂಕ್ರೀಟಿಗೆ ಅದು ರಾಜ. ದೋಣಿಯಲ್ಲೂ ಮರದ ಹಲಗೆ ಸಂದಿಗೆ, ಲೋಹಕ್ಕೆ ಹಾಕ್ತಾರೆ. ಆಕ್ರಿಲಿಕ್, ಪಾಲಿಕಾರ್ಬೊನೇಟ್‌ಗೆ ಮಾತ್ರ ಬೇಡ. ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ, ಕಿಟಕಿ ತುಂಬ ಜೇಡರ ಬಲೆ ಹಾಗೆ ಬಿರುಕು ಮೂಡುತ್ತದೆ.

ಗುತ್ತಿಗೆ_ಗೌಡ
ನೀವು ಕಣ್ಣಾರೆ ನೋಡಿದ್ದೀರಾ, ಇಲ್ಲಾ ಯಾರೋ ಹೇಳಿದ್ದಾ?

ಕಾರವಾರ_ಕಡಲು
ನೋಡಿದ್ದೀನಿ. ಅಣ್ಣ ಹಚ್ಚಿದ್ದ, ಅಪ್ಪ ಬೈದಿದ್ದರು. ಎರಡನ್ನೂ ನೋಡಿದ್ದೀನಿ.

ತಿಳಕವಾಡಿ_ಅಕ್ಕ
ಕಟ್ಟಡಗಳ ಗಾಜಿನ ಮುಖ ಮಾಡಿಸುವ ಕೆಲಸ ನನ್ನದು, ದೋಣಿ ಗೊತ್ತಿಲ್ಲ. ಆದರೆ ನೀವು ಹೇಳ್ತಿರುವ ನ್ಯೂಟ್ರಲ್ ಸಿಲಿಕಾನ್ ನಮ್ಮ ದಿನದ ಅನ್ನ. ದೊಡ್ಡ ಗಾಜಿನ ಕಟ್ಟಡಗಳಲ್ಲಿ ಗಾಜನ್ನು ಹಿಡಿದಿಡುವುದು ಸ್ಟ್ರಕ್ಚರಲ್ ಗ್ಲೇಜಿಂಗ್ ಸಿಲಿಕಾನ್. ಡೌಸಿಲ್ 795 ಆ ಜಾತಿಯದು, ಮೊದಲು ಡೌ ಕಾರ್ನಿಂಗ್ ಹೆಸರಲ್ಲಿ ಬರ್ತಾ ಇತ್ತು. ಗಾಜು, ಅಲ್ಯೂಮಿನಿಯಂ ಕೆಲಸ ಮಾಡುವ ಅಂಗಡಿಯಲ್ಲಿ ಕೇಳಿ, ಬಣ್ಣದ ಅಂಗಡಿಯಲ್ಲಿ ಸಿಗದು. ಕಪ್ಪು ತಗೊಳ್ಳಿ. ಟ್ಯೂಬಿನ ಮೇಲೆ ಕೊನೆಯ ತಾರೀಕು ನೋಡದೆ ದುಡ್ಡು ಕೊಡಬೇಡಿ. ಹಳೆಯದಾದರೆ ಒಣಗುವುದೇ ಇಲ್ಲ, ಜಿಗುಟಾಗಿ ಉಳಿಯುತ್ತದೆ.

ಇದು ಗಾಳಿಯ ತೇವದಿಂದ ಒಣಗುವ ಅಂಟು. ಪೂರ್ತಿ ಗಟ್ಟಿಯಾಗಲು ಒಂದರಿಂದ ಎರಡು ವಾರ ಬಿಡಿ. ನಮ್ಮೂರಿನ ಮಳೆಗಾಲ ಇದಕ್ಕೆ ಒಳ್ಳೆಯದೇ. ಆದರೆ ಹಚ್ಚುವ ಜಾಗ ಮಾತ್ರ ಒಣಗಿರಬೇಕು.

ಹಳೇ_ಬಾಗಲಕೋಟೆ
ಎಲ್ಲರೂ ಔಷಧಿ ಹೇಳ್ತಿದ್ದೀರಿ, ರೋಗ ಯಾರೂ ನೋಡಲಿಲ್ಲ.

ತಮ್ಮಾ, ಕಿಟಕಿ ಕೆಳಗೆ ಒದ್ದೆಯಾಯಿತು ಅಂದರೆ ಕಿಟಕಿಯೇ ಸೋರ್ತಾ ಇದೆ ಅಂತ ಯಾರು ಹೇಳಿದರು? ನಮ್ಮ ಮಾಳಿಗೆ ಮನೆ ನೆನಪು ಮಾಡಿಕೊಳ್ಳಿ. ಮೇಲೆ ಮುದ್ದೆ ಮಣ್ಣು ಬಿರಿದಿದ್ದು ಒಂದು ಕಡೆ, ನೀರು ತೊಲೆ ಹಿಡಿದು ಹರಿದು ತೊಟ್ಟಿಕ್ಕುವುದು ಅಡುಗೆ ಒಲೆ ಮೇಲೆ. ಅವ್ವ ಪಾತ್ರೆ ಇಟ್ಟ ಜಾಗಕ್ಕೂ ತೂತಿಗೂ ಸಂಬಂಧವೇ ಇರುತ್ತಿರಲಿಲ್ಲ. ಆ ಮನೆ ಈಗ ಆಲಮಟ್ಟಿ ಹಿನ್ನೀರಿನಲ್ಲಿ ಇದೆ. ನಾವು ನವನಗರಕ್ಕೆ ಬಂದೆವು. ನೀರು ಎಲ್ಲಿಂದ ಬರುತ್ತದೆ ಅನ್ನುವುದನ್ನು ಬಾಗಲಕೋಟೆಯವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಪೈಪು ಹಿಡಿದು ಪರೀಕ್ಷೆ ಮಾಡಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಹೊರಗಿನವರು ಕೆಳಗಿನಿಂದ ಶುರು ಮಾಡಬೇಕು, ಮೇಲಿನಿಂದಲ್ಲ. ಮೊದಲು ಕಿಟಕಿಯ ಕೆಳ ಅಂಚಿಗೆ ಮಾತ್ರ ಹತ್ತು ನಿಮಿಷ ಸಣ್ಣ ಧಾರೆ. ಒಳಗೆ ಬರಲಿಲ್ಲವಾ? ಪಕ್ಕದ ಅಂಚು. ಆಮೇಲೆ ಮೇಲಿನ ಅಂಚು. ಆಮೇಲೆ ಮಾಳಿಗೆ. ಮೇಲಿನಿಂದಲೇ ಸುರಿದರೆ ಎಲ್ಲ ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ. ಒಳಗೆ ಸೀಮೆಸುಣ್ಣದ ಪುಡಿ ಸವರಿ. ನೀರು ಹರಿದ ದಾರಿ ಗೆರೆ ಬಿಡುತ್ತದೆ.

ಲೇಥ್_ಮಾಮಾ
ಕಾಕಾ ಹೇಳಿದ್ದು ಲಾಖ್ ಮಾತು. ಇನ್ನೊಂದು ಉಪಾಯ ಇದೆ. ದೀಪಾವಳಿಗೆ ಮನೆ ಧೂಳು ಹೊಡೆಯುವ ಬ್ಲೋವರ್ ಇರುತ್ತಲ್ಲ, ಅದರ ಮೂತಿಯನ್ನು ಕ್ಯಾಬಿನ್ ಬಾಗಿಲಿಗೆ ರಟ್ಟು ಕತ್ತರಿಸಿ ಸಿಕ್ಕಿಸಿ. ಉಳಿದ ಸಂದಿಗೆಲ್ಲ ಟೇಪ್. ಒಳಗೆ ಗಾಳಿ ತುಂಬಿದ ಮೇಲೆ ಹೊರಗೆ ಸೋಪಿನ ನೀರು ಹಚ್ಚಿ. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲೇ ತೂತು. ಪಂಕ್ಚರ್ ಅಂಗಡಿಯ ಲೆಕ್ಕ, ಬೇರೆ ಏನಿಲ್ಲ.

ಕುಂದಾ_ಪ್ರೇಮಿ
ಟ್ಯೂಬನ್ನು ನೀರಲ್ಲಿ ಮುಳುಗಿಸಿ ನೋಡ್ತಾರೆ. ಇಲ್ಲಿ ದೋಣಿಯನ್ನೇ ಮುಳುಗಿಸಿ ನೋಡಿದರೆ ಕೆಲಸ ಬೇಗ ಆಗಲ್ವಾ?

ಕೃಷ್ಣಾ_ತೀರ
ನಮ್ಮೂರ ಹರಗೋಲಿಗೆ ಕಿಟಕಿ ಇಲ್ಲ, ಬೋಲ್ಟ್ ಇಲ್ಲ, ಸಿಲಿಕಾನ್ ಇಲ್ಲ. ಬಿದಿರಿನ ಬುಟ್ಟಿ, ಹೊರಗೆ ಮೊದಲೆಲ್ಲ ಎಮ್ಮೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಸೋರಿದರೆ ಮತ್ತೊಂದು ಕೈ ಡಾಂಬರು. ಮುಗೀತು.

ಹಿಡಕಲ್_ಹಾಯಿ
ಹರಗೋಲು ಗಾಳಿಗೆ ಹೋಗಲ್ಲ ಅಣ್ಣಾ, ಗಾಳಿಗೆ ತಿರುಗುತ್ತೆ 😄

ಭಾನುವಾರ ಪೈಪ್ ಪರೀಕ್ಷೆ ಮಾಡ್ತೀನಿ. ಒಳಗೆ ಕೂರಲು ಮಗ ಒಪ್ಪಿದ್ದಾನೆ. ಕೂಲಿ ಒಂದು ಪ್ಲೇಟ್ ಗೋಬಿ.

ಹಿಡಕಲ್_ಹಾಯಿ
ಪರೀಕ್ಷೆ ಆಯಿತು. ಹಳೇ ಬಾಗಲಕೋಟೆ ಕಾಕಾ, ನಿಮ್ಮ ಕಾಲಿಗೆ ಬಿದ್ದೆ.

ಎಡ ಮುಂದಿನ ಕಿಟಕಿಗೆ ಅರ್ಧ ಗಂಟೆ ನೀರು ಬಿಟ್ಟೆವು. ಕೆಳ ಅಂಚು, ಪಕ್ಕ, ಮೇಲೆ. ಒಳಗೆ ಒಂದು ಹನಿ ಇಲ್ಲ. ಮಗ ಮೊಬೈಲಲ್ಲಿ ಆಟ ಆಡ್ತಾ ಕೂತಿದ್ದ. ಆಮೇಲೆ ಮಾಳಿಗೆ ಮೇಲೆ ಕೈ ಹಿಡಿಯಲು ಉದ್ದಕ್ಕೆ ಮರದ ಪಟ್ಟಿ ಇದೆಯಲ್ಲ, ಅದರ ಬುಡಕ್ಕೆ ಬಿಟ್ಟೆ. ಎರಡೇ ನಿಮಿಷ. "ಪಪ್ಪಾ ಬಂತು ಬಂತು" ಅಂತ ಕೂಗಿದ. ಪಟ್ಟಿಯ ಮೂರನೇ ಸ್ಕ್ರೂ ತೂತಿನಿಂದ ನೀರು ಇಳಿದು, ಒಳಗಿನ ಬಟ್ಟೆ ಹೊದಿಕೆ ಹಿಂದೆ ಹರಿದು, ಕಿಟಕಿಯ ಮೇಲಿನ ಅಂಚಲ್ಲಿ ಹೊರಗೆ ಬಂದು, ಕಿಟಕಿಯ ಮೇಲೆಯೇ ಜಾರಿ ಗಾದಿಗೆ ಬೀಳ್ತಾ ಇದೆ. ನೋಡಿದವರಿಗೆ ಕಿಟಕಿಯೇ ಕಳ್ಳ.

ಹಾಗಂತ ಕಿಟಕಿಗಳು ಸಾಚಾ ಅಲ್ಲ. ಬಲಗಡೆ ಹಿಂದಿನದು ನಿಜವಾಗಿಯೂ ಸೋರ್ತಾ ಇದೆ, ಕೆಳ ಮೂಲೆಯಲ್ಲಿ. ಉಳಿದ ಎರಡು ಸದ್ಯಕ್ಕೆ ಸರಿ, ಆದರೆ ತೂತಿನ ಸುತ್ತ ಕೂದಲೆಳೆ ಬಿರುಕು ಇದೆ. ನಾಲ್ಕನ್ನೂ ಬದಲಿಸಿಬಿಡ್ತೀನಿ.

ಹಳೇ_ಬಾಗಲಕೋಟೆ
ಕಾಲಿಗೆ ಬೀಳುವುದು ಬೇಡ, ಅಮೀನಗಡದ ಕರದಂಟು ಕಳಿಸಿದರೆ ಸಾಕು. ಅಮೀನಗಡ ನಮ್ಮ ಜಿಲ್ಲೆಯಲ್ಲೇ ಇದೆ, ಆದರೂ ನೀವೇ ಕಳಿಸಬೇಕು.

ಕುಂದಾ_ಪ್ರೇಮಿ
ಕರದಂಟು ಅಂದರೆ ಗೋಕಾಕ.

ಹಳೇ_ಬಾಗಲಕೋಟೆ
ಈ ವಿಷಯ ಇಲ್ಲಿ ತೆಗೆಯಬೇಡ ತಮ್ಮಾ. ಜಗಳ ಆಗುತ್ತದೆ.

ಕಾರವಾರ_ಕಡಲು
ಕರದಂಟು ಪಕ್ಕಕ್ಕಿಡಿ. ಆ ಸ್ಕ್ರೂ ತೂತು ನನಗೆ ಹೆದರಿಕೆ ತರ್ತಾ ಇದೆ. ಆ ಕಾಲದ ದೋಣಿಗಳ ಮಾಳಿಗೆ ಒಂದೇ ಹಲಗೆ ಅಲ್ಲ. ಮೇಲೊಂದು ಫೈಬರ್ ಪದರ, ಕೆಳಗೊಂದು ಪದರ, ನಡುವೆ ಬಾಲ್ಸಾ ಮರ ಇಲ್ಲ ಪ್ಲೈವುಡ್. ಹಗುರ ಆಗಲಿ, ಗಟ್ಟಿ ಆಗಲಿ ಅಂತ. ತೂತಿನಿಂದ ನೀರು ಒಳಗೆ ಹೋದರೆ ಆ ಮರ ಕೊಳೆಯುತ್ತದೆ, ಮೇಲಿನಿಂದ ಗೊತ್ತೇ ಆಗುವುದಿಲ್ಲ.

ಸ್ಕ್ರೂಡ್ರೈವರ್ ಹಿಡಿಯಿಂದ ಮಾಳಿಗೆ ಮೇಲೆ ಪೂರ್ತಿ ತಟ್ಟಿ ನೋಡಿ. ಟಕ್ ಟಕ್ ಅಂದರೆ ಸರಿ. ಹಣ್ಣಾದ ಕುಂಬಳಕಾಯಿ ತಟ್ಟಿದ ಹಾಗೆ ದಬ್ ದಬ್ ಅಂದರೆ ಒಳಗೆ ಒದ್ದೆ. ಪೆನ್ಸಿಲ್ಲಿನಿಂದ ಗೆರೆ ಎಳೆದು ಗುರುತು ಮಾಡಿ.

ಹಿಡಕಲ್_ಹಾಯಿ
ತಟ್ಟಿದೆ. ಮೂರನೇ ಸ್ಕ್ರೂ ಸುತ್ತ ಊಟದ ತಟ್ಟೆಯಷ್ಟು ಜಾಗ ದಬ್ ಅನ್ನುತ್ತೆ. ಉಳಿದದ್ದು ಟಕ್. ಸ್ಕ್ರೂ ಬಿಚ್ಚಿದರೆ ಚಹಾಪುಡಿ ಹಾಗೆ ಕಪ್ಪು ನೀರು ಬಂತು.

ಕಾರವಾರ_ಕಡಲು
ತಟ್ಟೆಯಷ್ಟಾದರೆ ಬಚಾವಾದಿರಿ. ಕ್ಯಾಬಿನ್ ಒಳಗಿನಿಂದ, ಬಟ್ಟೆ ಹೊದಿಕೆ ಸರಿಸಿ, ಕೆಳ ಪದರವನ್ನು ಮಾತ್ರ ಕತ್ತರಿಸಿ ತೆಗೆಯಿರಿ. ಕೊಳೆತ ಮರ ಕೆರೆದು ಹಾಕಿ. ಒಂದು ವಾರ ಫ್ಯಾನ್ ಇಟ್ಟು ಒಣಗಿಸಿ. ಆತುರ ಬೇಡ, ಒದ್ದೆ ಮರದ ಮೇಲೆ ರೆಸಿನ್ ಹಾಕಿದರೆ ಮತ್ತೆ ಅದೇ ಕಥೆ. ಆಮೇಲೆ ಹೊಸ ಮರ, ಎಪಾಕ್ಸಿ (ಕಲಸಿದ ಮೇಲೆ ಗಟ್ಟಿಯಾಗುವ ರೆಸಿನ್), ಫೈಬರ್ ಬಟ್ಟೆ.

ಉಳಿದ ಎಲ್ಲ ಸ್ಕ್ರೂ ತೂತಿಗೂ ಒಂದು ಕೆಲಸ ಮಾಡಿ. 6 ಮಿಮೀ ತೂತನ್ನು 12 ಮಿಮೀ ಮಾಡಿ, ಕೆಳಗೆ ಟೇಪ್ ಅಂಟಿಸಿ, ದಪ್ಪ ಕಲಸಿದ ಎಪಾಕ್ಸಿ ತುಂಬಿ. ಗಟ್ಟಿಯಾದ ಮೇಲೆ ನಡುವೆ ಮತ್ತೆ 6 ಮಿಮೀ ಕೊರೆಯಿರಿ. ಮುಂದೆ ನೀರು ಇಳಿದರೂ ಮರಕ್ಕೆ ಮುಟ್ಟುವುದಿಲ್ಲ.

ಗುತ್ತಿಗೆ_ಗೌಡ
ಎಪಾಕ್ಸಿ ದುಬಾರಿ. ಬಸ್ ಬಾಡಿ ಕಟ್ಟುವವರ ಹತ್ತಿರ ಮಾಮೂಲಿ ಫೈಬರ್ ರೆಸಿನ್ ಅಗ್ಗಕ್ಕೆ ಸಿಗುತ್ತೆ.

ಲೇಥ್_ಮಾಮಾ
ಅದು ಪಾಲಿಯೆಸ್ಟರ್ ಗೌಡ್ರೇ. ಹೊಸದಾಗಿ ಅಚ್ಚು ಹಾಕುವಾಗ ಚೆಂದ. ಹಳೆ ಒಣಗಿದ ಫೈಬರ್ ಮೇಲೆ, ಮರದ ಮೇಲೆ ಎಪಾಕ್ಸಿಯಷ್ಟು ಹಿಡಿಯುವುದಿಲ್ಲ. ಇವರಿಗೆ ಬೇಕಾದ್ದು ಅರ್ಧ ಕಿಲೋ. ಅದರಲ್ಲಿ ಉಳಿತಾಯ ಎಷ್ಟು ಮಹಾ?

ಗುತ್ತಿಗೆ_ಗೌಡ
ನಾನು ಏನು ಹೇಳಿದರೂ ಬೇಡ ಅಂತೀರಿ. ಆಯ್ತು, ಇನ್ನು ಸುಮ್ನೆ ನೋಡ್ತೀನಿ.

ತಿಳಕವಾಡಿ_ಅಕ್ಕ
ಹೊಸ ಶೀಟ್ ಎಲ್ಲಿ ಕತ್ತರಿಸ್ತೀರಿ? ಬೋರ್ಡ್ ಬರೆಯುವ ಅಂಗಡಿಗಳಲ್ಲಿ ಆಕ್ರಿಲಿಕ್ ಕತ್ತರಿಸಿ ಕೊಡ್ತಾರೆ. ಒಂದು ಮಾತು ನೆನಪಿಡಿ, "ಕಾಸ್ಟ್" ಶೀಟ್ ಕೇಳಿ, ಅಂದರೆ ಅಚ್ಚಿಗೆ ಎರೆದು ಮಾಡಿದ್ದು. ಅಗ್ಗದ ಎಕ್ಸ್‌ಟ್ರೂಡೆಡ್ ಶೀಟ್ ಬೇಗ ಬಿರುಕು ಬಿಡುತ್ತದೆ. ಮೂಲೆ ಗುಂಡಗೆ ಇರಲಿ. ಮೇಲಿನ ಕಾಗದ ಕೊನೆವರೆಗೂ ಕೀಳಬೇಡಿ, ಅಂಟು ತಾಗುವ ಅಂಚಿನಲ್ಲಿ ಮಾತ್ರ ಕಿತ್ತು ಸ್ವಲ್ಪ ಉಜ್ಜಿ ಒರಟು ಮಾಡಿ.

ಬಿಸಿಲೂರು_ವಿಜಯಪುರ
ಪಾಲಿಕಾರ್ಬೊನೇಟ್ ಯಾಕೆ ಬೇಡ? ಸುತ್ತಿಗೆ ಹೊಡೆದರೂ ಒಡೆಯಲ್ಲ ಅಂತಾರಲ್ಲ. ನಮ್ಮ ಪೋರ್ಟಿಕೋಗೆ ಅದನ್ನೇ ಹಾಕಿಸಿದ್ದೀವಿ.

ಕಾರವಾರ_ಕಡಲು
ಪೋರ್ಟಿಕೋ ಶೀಟ್ ಈಗ ಯಾವ ಬಣ್ಣ ಇದೆ?

ಬಿಸಿಲೂರು_ವಿಜಯಪುರ
...ಹಳದಿ.

ಕಾರವಾರ_ಕಡಲು
ಅದೇ ಕಾರಣ. ಏಟಿಗೆ ಪಾಲಿಕಾರ್ಬೊನೇಟ್ ಗಟ್ಟಿ, ಬಿಸಿಲಿಗೂ ಗೀರಿಗೂ ಆಕ್ರಿಲಿಕ್ ಮೇಲು. ಹಿಡಕಲ್ಲಿನಲ್ಲಿ ಸಮುದ್ರದ ಅಲೆ ಹೊಡೆಯುವುದಿಲ್ಲ. ಆಕ್ರಿಲಿಕ್ ಸಾಕು.

ಹಿಡಕಲ್_ಹಾಯಿ
ಎರಡು ವಾರ ಬರಲಿಲ್ಲ, ಕ್ಷಮಿಸಿ. ಮಾಳಿಗೆ ತೇಪೆ ಮುಗೀತು. ಹಳೆ ಸಿಲಿಕಾನ್ ತೆಗೆಯೋಕೆ ಮೂರು ದಿನ ಹಿಡಿಯಿತು. ಬ್ಲೇಡು, ಪ್ಲಾಸ್ಟಿಕ್ ಪಟ್ಟಿ, ಆಮೇಲೆ ಉಜ್ಜುಕಾಗದ. ಹೋಯಿತು ಅಂದುಕೊಂಡು ಮೇಲೆ ನೀರು ಚಿಮುಕಿಸಿದರೆ ಹನಿ ಹನಿಯಾಗಿ ಉರುಳ್ತಾ ಇತ್ತು. ಅಂದರೆ ಇನ್ನೂ ಜಿಡ್ಡು ಇದೆ. ನೀರು ಸಮವಾಗಿ ಹರಡುವವರೆಗೂ ಉಜ್ಜಿದೆ. ಮೂರು ಸಲ ಬಳಿದ ಪಾಪ ಮೂರು ದಿನ ಅನುಭವಿಸಿದೆ.

ಇನ್ನೊಂದು ದಡ್ಡತನ ಹೇಳಬೇಕು. ಹೊಸ ಶೀಟ್ ನಾಲ್ಕೂ ಬಂತು. ಒಂದರ ಮೇಲೆ ಅಂಟಿನ ಕಲೆ ಇತ್ತು. ಕೈಗೆ ಸಿಕ್ಕ ಥಿನ್ನರಿನಿಂದ ಒರೆಸಿಬಿಟ್ಟೆ. ಸಂಜೆ ನೋಡಿದರೆ ತೂತಿನ ಸುತ್ತ ಬೆಳ್ಳಿ ಗೆರೆಗಳು. ಶೀಟ್ ಹೋಯಿತು.

ಲೇಥ್_ಮಾಮಾ
ಅಯ್ಯೋ. ಥಿನ್ನರ್, ಅಸಿಟೋನ್, ಪೆಟ್ರೋಲ್ ಯಾವುದೂ ಆಕ್ರಿಲಿಕ್ಕಿಗೆ ತೋರಿಸಬಾರದು. ತೂತು ಕೊರೆದ ಜಾಗದಲ್ಲಿ ಮೊದಲೇ ಬಿಗಿತ ಇರುತ್ತದೆ, ಥಿನ್ನರ್ ತಾಗಿದ ಕೂಡಲೇ ಬಿರಿಯುತ್ತದೆ. ಸೋಪಿನ ನೀರು, ಮೆತ್ತನೆ ಬಟ್ಟೆ, ಅಷ್ಟೇ. ಅಸಿಟೋನ್ ಫೈಬರ್‌ಗ್ಲಾಸ್ ಕಡೆಗೆ ಮಾತ್ರ.

ಕೊರೆಯುವಾಗಲೂ ಹೊಸ ಚೂಪು ಬಿಟ್ ಬೇಡ, ಶೀಟನ್ನು ಕಚ್ಚಿ ಎಳೆಯುತ್ತದೆ. ಬಿಟ್ಟಿನ ಬಾಯಿಯನ್ನು ಕಲ್ಲಿಗೆ ಸ್ವಲ್ಪ ತೀಡಿ ಮೊಂಡು ಮಾಡಿ, ನಿಧಾನ ತಿರುಗಿಸಿ, ಕೆಳಗೆ ಮರದ ತುಂಡು ಒತ್ತಿ ಹಿಡಿಯಿರಿ. ನನ್ನ ಹತ್ತಿರ ಬನ್ನಿ, ಡ್ರಿಲ್ ಮಷೀನಲ್ಲಿ ಹತ್ತು ನಿಮಿಷದ ಕೆಲಸ.

ತಿಳಕವಾಡಿ_ಅಕ್ಕ
ಪರವಾಗಿಲ್ಲ ಅಣ್ಣಾ. ನಮ್ಮ ಸೈಟಲ್ಲಿ ಒಬ್ಬ ಹುಡುಗ ಇದೇ ರೀತಿ ಮಾಡಿದ್ದ, ಶೀಟ್ ನಿಮ್ಮದರ ಹತ್ತು ಪಟ್ಟು ದೊಡ್ಡದು.

ಕೃಷ್ಣಾ_ತೀರ
ಕಿಟಕಿ ಆಯ್ತು. ಹಾಯಿ ಹೇಗಿದೆ? ಮೂವತ್ತು ವರ್ಷದ ಬಟ್ಟೆ ಗಾಳಿಗೆ ನಿಲ್ಲುತ್ತಾ?

ಹಿಡಕಲ್_ಹಾಯಿ
ಬಟ್ಟೆ ಗಟ್ಟಿ ಇದೆ, ಹೊಲಿಗೆ ಹೋಗಿದೆ. ಉಗುರಿನಿಂದ ಎಳೆದರೆ ದಾರ ಪುಡಿ ಪುಡಿ. ಶಾಮಿಯಾನ ಹೊಲಿಯುವ ಒಬ್ಬರು ಒಪ್ಪಿದ್ದಾರೆ.

ಕಾರವಾರ_ಕಡಲು
ದಾರ ಮೊದಲು ಸಾಯುವುದು ಮಾಮೂಲಿ, ಬಟ್ಟೆಗಿಂತ ಮೇಲೆ ಎದ್ದು ನಿಂತಿರುತ್ತದಲ್ಲ, ಬಿಸಿಲು ನೇರ ಬೀಳುತ್ತದೆ. ಹತ್ತಿ ದಾರ ಬೇಡ ಅನ್ನಿ, ಬಿಸಿಲು ತಡೆಯುವ ಪಾಲಿಯೆಸ್ಟರ್ ದಾರ. ಹೊಲಿಗೆ ನೇರ ಅಲ್ಲ, ಅಂಕುಡೊಂಕು. ನೇರ ಹೊಲಿಗೆ ಬಟ್ಟೆ ಎಳೆದಾಗ ಪಟ್ ಅನ್ನುತ್ತದೆ. ಹಳೆ ತೂತುಗಳ ಪಕ್ಕದಲ್ಲಿ ಹೊಸ ಸಾಲು ಬರಲಿ.

ಅದಕ್ಕಿಂತ ಮೊದಲು ಕಂಬ ಹಿಡಿಯುವ ತಂತಿ ನೋಡಿ. ಕಿಟಕಿ ಸೋರಿದರೆ ಗಾದಿ ಒದ್ದೆ, ತಂತಿ ಹರಿದರೆ ಕಂಬ ತಲೆ ಮೇಲೆ. ನಿಮ್ಮದು 19 ಎಳೆಯ ಸ್ಟೀಲ್ ತಂತಿ ಇರಬೇಕು. ಹತ್ತಿ ಉಂಡೆ ಹಿಡಿದು ತಂತಿಯ ಮೇಲಿಂದ ಕೆಳಗೆ ಎಳೆಯಿರಿ. ಹತ್ತಿ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಒಂದು ಎಳೆ ಹರಿದಿದೆ. ಒಂದು ಎಳೆ ಹರಿದರೂ ಪೂರ್ತಿ ತಂತಿ ಬದಲಿಸಿ. ಬರಿಗೈಯಿಂದ ಎಳೆಯಬೇಡಿ, ರಕ್ತ ಬರುತ್ತದೆ.

ಲೇಥ್_ಮಾಮಾ
ತಂತಿಯ ತುದಿಗೆ ಒತ್ತಿ ಕೂರಿಸಿದ ಕೊಳವೆ ಇರುತ್ತದಲ್ಲ, ಬಿರುಕು ಬರುವುದು ಅಲ್ಲೇ. ಕಣ್ಣಿಗೆ ಕಾಣುವುದಿಲ್ಲ. ನಮ್ಮಲ್ಲಿ ಕ್ರ್ಯಾಂಕ್‌ಶಾಫ್ಟ್ ಬಿರುಕು ನೋಡುವ ಕೆಂಪು ಡೈ ಇದೆ. ಕೆಂಪು ಹೊಡೆದು, ಹತ್ತು ನಿಮಿಷ ಬಿಟ್ಟು, ಒರೆಸಿ, ಬಿಳಿ ಪುಡಿ ಹೊಡೆದರೆ ಬಿರುಕಿನಿಂದ ಕೆಂಪು ಗೆರೆ ಎದ್ದು ಬರುತ್ತದೆ. ತಂತಿ ತಗೊಂಡು ಬನ್ನಿ. ಎಂಟು ತುದಿ ತಾನೇ? ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಸಮುದ್ರದ ಊರವರಿಗೆ ಇಂಥ ಸೌಕರ್ಯ ಪಕ್ಕದ ಶೆಡ್ಡಲ್ಲಿ ಸಿಗುತ್ತಾ ಕೇಳಿ!

ಕಾರವಾರ_ಕಡಲು
ಇಲ್ಲ ಮಾಮಾ, ಈ ವಿಷಯದಲ್ಲಿ ಸೋತೆ.

ಹಿಡಕಲ್_ಹಾಯಿ
ಮಾಮಾನ ಹತ್ತಿರ ಹೋಗಿ ಬಂದೆ. ಎಂಟರಲ್ಲಿ ಎರಡು ತುದಿ ಕೆಂಪು ಗೆರೆ ತೋರಿಸಿದವು. ಹತ್ತಿ ಪರೀಕ್ಷೆಯಲ್ಲಿ ಎಲ್ಲವೂ ಪಾಸಾಗಿದ್ದವು. ಫೋಟೋ ನೋಡಿ ಮನೆಯವಳು ಮೊದಲ ಸಲ "ಆ ದೋಣಿಯನ್ನು ಸರಿಯಾಗಿ ರಿಪೇರಿ ಮಾಡಿಸಿ" ಅಂದಳು. ಎಲ್ಲ ತಂತಿ ಬದಲಿಸ್ತಾ ಇದ್ದೀನಿ.

ಬಿಸಿಲೂರು_ವಿಜಯಪುರ
ಇಂಜಿನ್ ಇದೆಯಾ, ಬರೀ ಗಾಳಿನಾ?

ಹಿಡಕಲ್_ಹಾಯಿ
ಹಿಂದೆ ತೂಗುಹಾಕುವ 5 ಎಚ್‌ಪಿ ಟೂ ಸ್ಟ್ರೋಕ್ ಇದೆ. ಶುರುವಾಗಲ್ಲ.

ಲೇಥ್_ಮಾಮಾ
ಕಾರ್ಬುರೇಟರ್ ಬಿಚ್ಚಿ ತೊಳೆಯಿರಿ, ನೂರಕ್ಕೆ ತೊಂಬತ್ತು ಅದೇ. ಈಗಿನ ಎಥನಾಲ್ ಪೆಟ್ರೋಲ್ ತೇವ ಹೀರುತ್ತದೆ, ತಿಂಗಳುಗಟ್ಟಲೆ ನಿಂತರೆ ನೀರು ತಳಕ್ಕೆ ಇಳಿಯುತ್ತದೆ. ಓಡಿಸಿ ಮುಗಿದ ಮೇಲೆ ಪೆಟ್ರೋಲ್ ಬಂದ್ ಮಾಡಿ ಇಂಜಿನ್ ತಾನೇ ನಿಲ್ಲುವವರೆಗೂ ಬಿಡಿ. ಎಣ್ಣೆ ಎಷ್ಟು ಬೆರೆಸಬೇಕು ಅಂತ ಇಂಜಿನ್ ಪುಸ್ತಕ ನೋಡಿ. 50ಕ್ಕೆ 1 ಅಂತಿದ್ದರೆ 5 ಲೀಟರಿಗೆ 100 ಮಿಲೀ. ಸ್ಕೂಟರ್ ಎಣ್ಣೆ ಬೇಡ, ದೋಣಿ ಇಂಜಿನ್ನಿಗೆ ಟಿಸಿ-ಡಬ್ಲ್ಯೂ3 ಅಂತ ಬರೆದಿದ್ದು ಬೇರೆ ಬರುತ್ತದೆ. ನೀರು ಎಳೆಯುವ ರಬ್ಬರ್ ಚಕ್ರ ಹೊಸದು ಹಾಕಿ. ಇಷ್ಟು ವರ್ಷ ನಿಂತದ್ದು ಒಣಗಿ ಬಿರಿದಿರುತ್ತದೆ.

ಕಾರವಾರ_ಕಡಲು
ಇಂಜಿನ್ ಕಾಲಿಗೆ ಒಂದು ಬೂದು ಲೋಹದ ತುಂಡು ಇರುತ್ತದೆ, ಸತುವಿನದು. ಬೇರೆ ಲೋಹ ಸವೆಯುವ ಬದಲು ತಾನು ಸವೆಯಲಿ ಅಂತ ಇಟ್ಟಿರ್ತಾರೆ. ಉಪ್ಪು ನೀರಿಗೆ ಸತು ಸರಿ. ಸಿಹಿನೀರಲ್ಲಿ ಅದರ ಮೇಲೆ ಪೊರೆ ಕಟ್ಟಿ ಕೆಲಸ ನಿಲ್ಲಿಸುತ್ತದೆ. ಹಿಡಕಲ್ಲಿಗೆ ಮೆಗ್ನೀಷಿಯಂ ತುಂಡು ಹಾಕಿ.

ಹಿಡಕಲ್_ಹಾಯಿ
ನಾಲ್ಕೂ ಕಿಟಕಿ ಕೂತವು! ಕಪ್ಪು ಸಿಲಿಕಾನ್, 3 ಮಿಮೀ ರಬ್ಬರ್ ತುಂಡು, 8 ಮಿಮೀ ತೂತು. ಸುತ್ತ ಟೇಪ್ ಹಚ್ಚಿ ಕೆಲಸ ಮಾಡಿದ್ದರಿಂದ ಅಂಚು ನೀಟಾಗಿದೆ. ಆದರೂ ಒಂದು ಅಂಗಿ, ಒಂದು ಚಪ್ಪಲಿ, ಮಗನ ಕೂದಲು ಕಪ್ಪಾದವು. ಬೋಲ್ಟ್ ಬೆರಳಲ್ಲಿ ತಿರುಗಿಸುವಷ್ಟೇ ಬಿಗಿ ಮಾಡಿದೆ. ಪಾನಾ ಹಿಡಿಯಲಿಲ್ಲ. ಒಳಗೆಲ್ಲ ದಿನಪತ್ರಿಕೆ ಹಾಸಿಟ್ಟಿದ್ದೀನಿ, ಒಂದು ಹನಿ ಬಿದ್ದರೂ ಗೊತ್ತಾಗುತ್ತೆ.

ಗುತ್ತಿಗೆ_ಗೌಡ
ಸುಮ್ನೆ ಇರ್ತೀನಿ ಅಂದಿದ್ದೆ, ಆದರೂ ಕೇಳ್ತೀನಿ. ಟ್ರೇಲರ್ ಚಕ್ರದ ಬೇರಿಂಗ್ ನೋಡಿದ್ರಾ? ಹಿಡಕಲ್ ರಸ್ತೆಯಲ್ಲಿ ಚಕ್ರ ಕಳಚಿ ಹೋದರೆ ನಿಮ್ಮ ಕಿಟಕಿ ನೋಡೋಕೆ ಯಾರಿರ್ತಾರೆ?

ಕಾರವಾರ_ಕಡಲು
ಗೌಡ್ರೇ, ಇದು ಇಡೀ ಚರ್ಚೆಯಲ್ಲಿ ಯಾರಿಗೂ ಹೊಳೆಯದ ಮಾತು. ಓಡಿ ಬಿಸಿಯಾದ ಚಕ್ರವನ್ನು ಹಾಗೇ ನೀರಿಗೆ ಇಳಿಸಿದರೆ ಹಬ್ ತಣ್ಣಗಾಗಿ ಒಳಗೆ ನೀರು ಎಳೆದುಕೊಳ್ಳುತ್ತದೆ. ದಡದಲ್ಲಿ ಅರ್ಧ ಗಂಟೆ ನಿಲ್ಲಿಸಿ, ಚಹಾ ಕುಡಿದು, ಆಮೇಲೆ ಇಳಿಸಿ.

ಗುತ್ತಿಗೆ_ಗೌಡ
ಅಂತೂ ಒಂದಾದರೂ ಒಪ್ಪಿದಿರಿ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಗೆ ಹಳೆ ಬೇರಿಂಗ್ ತಗೊಂಡು ಹೋಗಿ, ಮೇಲಿನ ನಂಬರ್ ನೋಡಿ ಕೊಡ್ತಾರೆ. ಗ್ರೀಸ್ ಹಳೆಯದರ ಮೇಲೆ ತುರುಕಬೇಡಿ, ತೊಳೆದು ಹಾಕಿ.

ಹಳೇ_ಬಾಗಲಕೋಟೆ
ನೀರಿಗೆ ಇಳಿಸುವ ಮುಂಚೆ ಅಣೆಕಟ್ಟಿನವರ ಅನುಮತಿ ಕೇಳಿಕೊಳ್ಳಿ. ಇಂಜಿನ್ ಇರುವ ದೋಣಿಗೆ 2021ರ ಒಳನಾಡು ನೌಕೆಗಳ ಕಾಯ್ದೆ ಬಂದಿದೆ, ನೋಂದಣಿಯದ್ದೂ ವಿಚಾರಿಸಿ. ಹಿಡಕಲ್ಲಿನಲ್ಲಿ ನೀರು ಇಳಿದ ಕಾಲಕ್ಕೆ ಹುನ್ನೂರಿನ ವಿಠ್ಠಲ ದೇವಸ್ಥಾನ ಮೇಲೆ ಬರುತ್ತದೆ. ತುಂಬಿದಾಗ ಅದು ನಿಮ್ಮ ದೋಣಿಯ ಕೆಳಗೆ ಎಲ್ಲೋ ಇರುತ್ತದೆ. ಹಳೆ ಗೋಡೆ, ಮರದ ಬುಡ ಎಲ್ಲೆಲ್ಲಿ ಇವೆ ಅಂತ ಅಲ್ಲಿಯ ಮೀನುಗಾರರನ್ನು ಕೇಳಿ. ನಕ್ಷೆಗಿಂತ ಅವರು ಮೇಲು.

ಹಿಡಕಲ್_ಹಾಯಿ
ಖಂಡಿತ ಕಾಕಾ. ನಿನ್ನೆ ರಾತ್ರಿಯಿಡೀ ಮಳೆ ಸುರಿಯಿತು. ಬೆಳಿಗ್ಗೆ ಆರಕ್ಕೆ ಹೋಗಿ ನೋಡಿದೆ. ಕಿಟಕಿ ಕೆಳಗಿನ ಪೇಪರ್ ಗರಿಗರಿ. ಮಾಳಿಗೆ ತೇಪೆ ಕೆಳಗೂ ಒಣ. ಆದರೆ ಕಂಬ ನಿಲ್ಲುವ ಜಾಗದ ಕೆಳಗೆ ಪೇಪರ್ ಮೇಲೆ ಐದು ರೂಪಾಯಿ ನಾಣ್ಯದಷ್ಟು ಒದ್ದೆ.

ಕಾರವಾರ_ಕಡಲು
ಅಲ್ಲಿ ವೈರ್ ಇಳಿಯುವ ತೂತು ಇದೆಯಾ?

ಹಿಡಕಲ್_ಹಾಯಿ
ಇದೆ. ದೀಪದ ವೈರ್. ಸುತ್ತ ಏನೋ ಬಿಳಿ ಪುಟ್ಟಿ ತುರುಕಿದ್ದಾರೆ.

ಲೇಥ್_ಮಾಮಾ
ಪುಟ್ಟಿ ಕೀಳಿ. ಭಾನುವಾರ ಪೈಪ್ ತಗೊಂಡು ಬರ್ತೀನಿ. ಒಳಗೆ ಕೂರುವ ಹುಡುಗನಿಗೆ ಈ ಸಲ ಗೋಬಿ ನನ್ನ ಕಡೆಯಿಂದ.